ಸೇತುವೆಗೊಂದು ಕಪ್ಪು ತಲೆ

ಆರಿಕ್ ಕಣಿವೆ, ಸ್ಕಾಟ್ಲೆಂಡ್
೬ ಅಕ್ಟೋಬರ್ ೧೯೮೩

ಪ್ರೀತಿಯ ಲಾಕ್ಲನ್,

ಹೇಗಿದ್ದೀಯ ಮಗು? ಶೆಟ್ಲೆಂಡಿನ ಆ ಮೀನು ದೋಣಿಯಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ, ಬರೀ ಚಹಾ ಕುಡಿದು ದಿನ ನೂಕುತ್ತೀಯೋ? ನಾನು ಹೆಣೆದ ಉಣ್ಣೆಯ ಕಾಲುಚೀಲ ಹಾಕಿಕೋ, ಚುಚ್ಚುತ್ತದೆ ಎಂಬ ನೆಪ ಬೇಡ. ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ, ಜೊತೆಗೆ ನಾನೂ.

ಸುದ್ದಿಯೆಂದರೆ ನಮ್ಮ ಕಲ್ಲು ಸೇತುವೆಯದು. ವಸಂತದಲ್ಲಿ ನೀನು ಕುರಿ ತುಂಬಿದ ಟ್ರೇಲರ್ ತಾಗಿಸಿ ಅದರ ಪಕ್ಕದ ಗೋಡೆಯನ್ನು ಹೊಳೆಗೆ ಕೆಡವಿದೆಯಲ್ಲ, ಅಂದಿನಿಂದ ರಸ್ತೆ ಮುಚ್ಚಿತ್ತು. ಕುರಿಗಳಿಗೇನೂ ಆಗಲಿಲ್ಲ, ಆದದ್ದೆಲ್ಲ ನಿಮ್ಮ ಅಪ್ಪ-ಮಗನಿಗೆ. ನಿನ್ನಪ್ಪ "ಆ ಕಲ್ಲು ಮತ್ತೆ ಮೇಲೇಳೋ ತನಕ ನಂಗೆ ಮುಖ ತೋರಿಸ್ಬೇಡ" ಅಂದ. ನೀನೂ ಅವನ ಮಗನೇ ತಾನೇ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟೆ.

ನೀನು ಹೋದ ಮೇಲೆ ಅವನೇ ಸೊಂಟದುದ್ದ ನೀರಿಗಿಳಿದ. ಒಂದೊಂದು ಕಲ್ಲಿಗೂ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಎಳೆದು ದಡಕ್ಕೆ ಹಾಕಿದ. ಗಾರೆಯವರು ಬಂದು ಸುಣ್ಣದ ಗಾರೆಯಲ್ಲಿ ಅದೇ ಕಲ್ಲುಗಳನ್ನು ಕೂರಿಸಿದರು. ಸುಣ್ಣ ನಿಧಾನವಾಗಿ ಒಣಗಬೇಕಂತೆ. ಹಾಗಾಗಿ ದಿನಾ ಬೆಳಿಗ್ಗೆ ಚಹಾಕ್ಕೂ ಮುಂಚೆ ಹೋಗಿ ಗೋಡೆಗೆ ಹೊದಿಸಿದ ಗೋಣಿಗೆ ನೀರು ಚಿಮುಕಿಸಿ ಬರುತ್ತಾನೆ. ಅವನು ಹೆತ್ತ ತಾಯಿಯನ್ನೂ ಇಷ್ಟು ಜೋಪಾನ ಮಾಡಿದವನಲ್ಲ. ಮೊನ್ನೆ ಕಿಟಕಿಯಿಂದ ನೋಡುತ್ತಾ ನನಗೆ ಅಳುವೇ ಬಂತು.

ಮುಂದಿನ ಶನಿವಾರ ಸೇತುವೆ ತೆರೆಯುತ್ತದೆ. ಹೊಸ ವರ್ಷದಂದು ಮೊದಲು ಹೊಸ್ತಿಲು ದಾಟುವವನು ಕಪ್ಪು ಕೂದಲಿನ ತಲೆಯವನಾಗಿರಬೇಕು, ಕೈಯಲ್ಲಿ ಕಲ್ಲಿದ್ದಲಿರಬೇಕು, ಆಗಲೇ ಮನೆಗೆ ಶುಭ ಎನ್ನುತ್ತೇವಲ್ಲ, ಊರಿನವರು ಅದನ್ನೀಗ ಸೇತುವೆಗೂ ಅಂಟಿಸಿದ್ದಾರೆ. ಇಲ್ಲಿರುವುದೆಲ್ಲ ಕೆಂಪು ತಲೆ, ನರೆತ ತಲೆ, ಇಲ್ಲವೇ ಬೋಳು. ಅಂಚೆಯ ಕ್ಯಾಲಮ್ "ನಾನೇ ಬೂಟ್ ಪಾಲಿಶ್ ಬಳ್ಕೊಂಡು ದಾಟ್ತೀನಿ ಬಿಡಿ" ಅಂದ. ಮಳೆ ಬಂದರೆ ಅವನ ಗತಿಯೇನು ಎಂದು ಪಬ್ಬಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ದೇವರು ನಿನ್ನನ್ನೂ ನಿನ್ನ ದೋಣಿಯನ್ನೂ ಕಾಯಲಿ.

ನಿನ್ನ ಅಜ್ಜಿ,
ಮೊರಾಗ್

ಮರೆತಿದ್ದೆ: ನಿನ್ನೆ ಕ್ಯಾಲಮ್ ತನ್ನ ಭಾವಮೈದುನನನ್ನು ಕರೆತರುತ್ತೇನೆ, ಅವನದು ಅಪ್ಪಟ ಕಪ್ಪು ತಲೆ ಎಂದ. ನಿನ್ನಪ್ಪ ಲೋಟದಿಂದ ಕಣ್ಣೆತ್ತದೆ "ಬೇಡ. ನಮ್ಮನೇಲೇ ಒಬ್ಬ ಇದಾನೆ" ಅಂದುಬಿಟ್ಟ. ಪತ್ರ ಬರೆ ಎಂದು ನನಗೆ ಹೇಳಿಲ್ಲ, ಹೇಳುವವನೂ ಅಲ್ಲ. ಆದರೆ ಇವತ್ತು ಬೆಳಿಗ್ಗೆ ಆಚೆ ದಡಕ್ಕೆ ಹೋಗಿ, ನೀನು ಬಸ್ಸಿಳಿಯುವ ಜಾಗದಲ್ಲಿ, ನೆನೆಯದಂತೆ ಚಿಂದಿಯಲ್ಲಿ ಸುತ್ತಿ ಒಂದು ತುಂಡು ಕಲ್ಲಿದ್ದಲು ಇಟ್ಟು ಬಂದಿದ್ದಾನೆ.