ನೀಲಿಯಾಗದ ಎಲೆ

ಫೆಬ್ರವರಿ 5, ಸೋಮವಾರ

ಪ್ರಯೋಗ ಮತ್ತೆ ಕೈಕೊಟ್ಟಿತು. ಈ ಸಲ ಹೈಡ್ರೋಜನ್. 'ಟಪ್' ಅಂತ ಸದ್ದು ಬರುತ್ತೆ, ಕಿವಿ ಮುಚ್ಚಿಕೊಳ್ಳಿ ಅಂದೆ. ಒಂಬತ್ತನೇ ಕ್ಲಾಸಿಗೆ ಕ್ಲಾಸೇ ಕಿವಿ ಮುಚ್ಚಿಕೊಂಡು ಕೂತಿತು. ಕಡ್ಡಿ ಗೀರಿ ಪ್ರನಾಳದ ಬಾಯಿಗೆ ಹಿಡಿದೆ. ಸುಮ್ಮನೆ ಆರಿಹೋಯಿತು.

"ಮಿಸ್, ಕಿವಿ ಬಿಡಬಹುದಾ?" ಅಂದಳು ಪಟಾಕಿ. ಮುಂದಿನ ಬೆಂಚಿನವಳು. ಆ ಹೆಸರು ಇಟ್ಟಿದ್ದು ನಾನಲ್ಲ, ಇಡೀ ಸ್ಕೂಲು. ಎಲ್ಲರೂ ನಕ್ಕರು. ನನಗೂ ತಡೆಯಲಾಗಲಿಲ್ಲ.

ಹೋದ ವಾರ ಸುಣ್ಣದ ತಿಳಿನೀರು ಬೆಳ್ಳಗಾಗಲಿಲ್ಲ. ಅದಕ್ಕೂ ಮೊದಲು ಮೆಗ್ನೀಷಿಯಂ... ಬೇಡ ಬಿಡು. ಲ್ಯಾಬಿನ ಬಾಟಲಿಗಳಿಗೆ ನನಗಿಂತ ವಯಸ್ಸಾಗಿದೆ. ಯಾರ ಹತ್ತಿರ ಹೇಳುವುದು? ನಾನಿನ್ನೂ ಟೆಂಪರರಿ. ಪರ್ಮನೆಂಟ್ ಮಾಡುವುದೋ ಮನೆಗೆ ಕಳಿಸುವುದೋ, ಈ ತಿಂಗಳು ಹೆಡ್‌ಮಿಸ್ಟ್ರೆಸ್ ತೀರ್ಮಾನ ಮಾಡುತ್ತಾರೆ. ಅವರು ಕ್ರೈಸ್ತ ಸನ್ಯಾಸಿನಿ, ದೊಡ್ಡ ಸಿಸ್ಟರ್ ಅಂತಲೇ ಎಲ್ಲರೂ ಕರೆಯುವುದು. ಇದು ನನ್ನ ಮೂರನೇ ಸ್ಕೂಲು. ಈ ಹುಡುಗಿಯರನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಫೆಬ್ರವರಿ 6, ಮಂಗಳವಾರ

ಮಾನ ಹೋಯಿತು.

ಅಸೆಂಬ್ಲಿಯಲ್ಲಿ ಪ್ರಾರ್ಥನೆಯ ಕೊನೆಗೆ ಮಕ್ಕಳು ಒಬ್ಬೊಬ್ಬರೇ ಬೇಡಿಕೆ ಹೇಳುತ್ತಾರೆ — ಕಾಯಿಲೆ ಬಿದ್ದ ಅಜ್ಜಿಗೆ, ಪರೀಕ್ಷೆ ಬರೆಯುವ ಅಣ್ಣನಿಗೆ. ಉಳಿದವರೆಲ್ಲ "ದೇವರೇ, ನಮ್ಮ ಮೊರೆ ಕೇಳು" ಅನ್ನಬೇಕು. ಇವತ್ತು ಮೈಕು ಪಟಾಕಿಯ ಕೈಗೆ ಸಿಕ್ಕಿತು.

"ನಮ್ಮ ಸೈನ್ಸ್ ಮಿಸ್ ಮಾಡೋ ಪ್ರಯೋಗ ಒಂದಾದ್ರೂ ಸರಿಯಾಗಿ ಆಗ್ಲಿ ಅಂತ ಪ್ರಾರ್ಥಿಸೋಣ."

ಇಡೀ ಸ್ಕೂಲು ಒಂದೇ ದನಿಯಲ್ಲಿ ಮೊರೆಯಿಟ್ಟಿತು. ಡ್ರಿಲ್ ಮಾಸ್ಟರ್ ದನಿಯಂತೂ ಎಲ್ಲರಿಗಿಂತ ಜೋರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ದೊಡ್ಡ ಸಿಸ್ಟರ್ ಕರೆಸಿದರು. "ಸೋಮವಾರ ಫಸ್ಟ್ ಪೀರಿಯಡ್ ನಿಮ್ಮ ಕ್ಲಾಸಲ್ಲಿ ಕೂತ್ಕೋತೀನಿ ಮಿಸ್. ನೋಡಿ ತೀರ್ಮಾನ ಮಾಡೋಣ." ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

ಪಟಾಕಿಗೆ ಬೈಯೋಣ ಅಂತ ಹೋದರೆ — "ಮನಸಾರೆ ಕೇಳ್ಕೊಂಡೆ ಮಿಸ್." ಇವಳಿಗೆ ಬೈಯುವುದಾದರೂ ಹೇಗೆ!

ಫೆಬ್ರವರಿ 10, ಶನಿವಾರ

ಎಲೆಯ ಪ್ರಯೋಗ ಮಾಡೋದು ಅಂತ ಗಟ್ಟಿ ಮಾಡಿದೆ. ಬಿಸಿಲಿನಲ್ಲಿದ್ದ ಎಲೆಯಲ್ಲಿ ಪಿಷ್ಟ ಇರುತ್ತೆ, ಅಯೋಡಿನ್ ಬಿಟ್ಟರೆ ಕಡುನೀಲಿ. ಕತ್ತಲಲ್ಲಿಟ್ಟಿದ್ದು ನೀಲಿಯಾಗಲ್ಲ. ಅಷ್ಟೇ. ಗಿಡ ತಾನೇ, ಕೈಕೊಡಲಾರದು.

ಎರಡು ದಾಸವಾಳದ ಕುಂಡ. ಒಂದನ್ನು ಲ್ಯಾಬಿನ ಬೀರುವಿನೊಳಗೆ ಇಟ್ಟು ಬೀಗ ಹಾಕಿದೆ. ಇನ್ನೊಂದು ವರಾಂಡದ ಬಿಸಿಲಿನಲ್ಲಿ. ಮೈತುಂಬ ಹೂ ಬಿಟ್ಟು ನಿಂತಿದೆ, ಕಣ್ಣು ತಾಗುವ ಹಾಗೆ.

ಅಯೋಡಿನ್ ಹೊಸದು ತಂದೆ. ಮನೆಗೆ ಬಂದು ಆಲೂಗಡ್ಡೆಯ ಮೇಲೆ ಬಿಟ್ಟು ನೋಡಿದೆ. ಕಡುನೀಲಿ! ಇವರು ಇಣುಕಿ, "ಅದನ್ನ ಅಡುಗೆಗೆ ಹಾಕ್ಬಿಟ್ಟೀಯಾ, ಜೋಕೆ" ಅಂದರು. ನನ್ನ ಗಂಡನಿಗೆ ವಿಜ್ಞಾನ ಅಂದರೆ ಇಷ್ಟೇ.

ಫೆಬ್ರವರಿ 12, ಸೋಮವಾರ. ಸಂಜೆ ಐದು

ದೊಡ್ಡ ಸಿಸ್ಟರ್ ಕೊನೆಯ ಬೆಂಚಿನಲ್ಲಿ. ಎರಡೂ ಎಲೆ ಬೇಯಿಸಿದೆ, ಸ್ಪಿರಿಟ್‌ನಲ್ಲಿಟ್ಟು ಹಸಿರು ಇಳಿಸಿದೆ, ತೊಳೆದೆ. ಅಯೋಡಿನ್ ಬಿಟ್ಟೆ. ಬೀರುವಿನ ಎಲೆ ಕಂದು. ಸರಿ.

ಬಿಸಿಲಿನ ಎಲೆ... ಅದೂ ಕಂದು.

ಯಾರೋ ಪಿಸುಗುಟ್ಟಿದರು, "ದೇವರೇ, ನಮ್ಮ ಮೊರೆ..."

ಇನ್ನೇನು, ಗಂಟುಮೂಟೆ ಕಟ್ಟುವುದೇ ಅಂದುಕೊಂಡೆ. ಆಮೇಲೆ ಸಿಟ್ಟು ನೆತ್ತಿಗೇರಿತು. "ಎಲೆ ಸುಳ್ಳು ಹೇಳಲ್ಲ. ಯಾಕೆ ಹೀಗಾಯ್ತು, ನೀವೇ ಹುಡುಕಿ!" ಅಂದುಬಿಟ್ಟೆ, ಸಿಸ್ಟರ್ ಇದ್ದಾರೆ ಅನ್ನುವುದೂ ಮರೆತು.

ಅಯೋಡಿನ್ ಕೆಟ್ಟಿರಬೇಕು ಅಂದಳು ಒಬ್ಬಳು. ಟಿಫಿನ್ ಡಬ್ಬಿಯ ಬ್ರೆಡ್ ಚೂರಿಗೆ ಬಿಟ್ಟೆವು. ಕಡುನೀಲಿ. ಹಾಗಾದ್ರೆ ಗಿಡಾನೇ ಬಿಸಿಲು ಕಂಡಿಲ್ಲ ಅಂದಳು ಇನ್ನೊಬ್ಬಳು. ವರಾಂಡದಲ್ಲೇ ಇಟ್ಟಿದ್ದೆನಲ್ಲ! ಅಷ್ಟರಲ್ಲಿ ಪಟಾಕಿ ಮೇಜಿನ ಮೇಲೆ ತಂದಿಟ್ಟಿದ್ದ ಬಿಸಿಲಿನ ಕುಂಡದ ಸುತ್ತ ಬಗ್ಗಿ, ಮೂಸಿ, ಉಗುರಲ್ಲಿ ಕೆರೆದು —

"ಮಿಸ್, ಎಲೆ ಮೇಲೆ ಮೇಣದಬತ್ತಿ ಮೇಣ! ಈ ಗಿಡ ಚಾಪೆಲ್‌ಗೆ ಹೋಗಿ ಬಂದಿದೆ!"

ಚಾಪೆಲ್ ಅಂದರೆ ನಮ್ಮ ಸ್ಕೂಲಿನ ಪ್ರಾರ್ಥನಾ ಮಂದಿರ, ಒಳಗೆ ಹಗಲಲ್ಲೂ ಕತ್ತಲು. ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ದೊಡ್ಡ ಸಿಸ್ಟರ್ ನಿಧಾನಕ್ಕೆ ಎದ್ದು ನಿಂತರು. ಮುಖ ಕೆಂಪಗಾಗಿತ್ತು.

"ನಾನೇ ಮಕ್ಳೇ. ಹೂವು ಅಷ್ಟು ಚೆನ್ನಾಗಿತ್ತು... ಶನಿವಾರ ಎಲ್ರೂ ಹೋದ್ಮೇಲೆ ಆಲ್ಟರ್ ಪಕ್ಕ ಇಡಿಸಿದ್ದೆ, ಭಾನುವಾರದ ಪೂಜೆಗೆ. ಇವತ್ತು ಬೆಳಿಗ್ಗೆ ವಾಪಸ್ ಇಡಿಸ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ಎಲೆಗೆ ಗೊತ್ತಾಯ್ತು ಸಿಸ್ಟರ್," ಅಂದಳು ಪಟಾಕಿ.

ನಕ್ಕವರಲ್ಲಿ ದೊಡ್ಡ ಸಿಸ್ಟರೇ ಮೊದಲು. ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೆಲ್ ಆಯಿತು, ಹೊರಟೇ ಹೋದರು. ತೀರ್ಮಾನದ ಸುದ್ದಿಯೇ ಇಲ್ಲ.

ಫೆಬ್ರವರಿ 13, ಮಂಗಳವಾರ

ದೊಡ್ಡ ಸಿಸ್ಟರ್ ಇವತ್ತೂ ಆ ಬಗ್ಗೆ ಚಕಾರ ಎತ್ತಲಿಲ್ಲ. ಬದಲಿಗೆ ಕೆಲಸ! ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದರು. ಲ್ಯಾಬಿನ ಹಳೇ ಬಾಟಲಿ ಎಲ್ಲ ತೆಗೆದುಹಾಕಬೇಕಂತೆ, ಏನೇನು ಹೊಸದು ಬೇಕೋ ನೋಡಿ ಹೇಳಬೇಕಂತೆ. ಅದೂ ಸಾಲದು ಅಂತ ಮುಂದಿನ ವರ್ಷ ಹತ್ತನೇ ಕ್ಲಾಸೂ ನನ್ನ ತಲೆಗೇ. "ಈ ಹುಡುಗೀರನ್ನ ನೀವೇ ನೋಡ್ಕೊಳ್ಳಿ ಮಿಸ್, ಬೇರೆಯವ್ರಿಗೆ ಬಗ್ಗಲ್ಲ." ಬೆಲ್ ಹೊಡೆಯುತ್ತಿತ್ತು, ಹೂಂ ಸಿಸ್ಟರ್ ಅಂತ ಓಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದೆ. ನನಗೇನು ಹತ್ತು ಕೈ ಇವೆಯಾ? ನಾನು ಇರಬೇಕೋ ಹೋಗಬೇಕೋ, ಅದನ್ನು ಮೊದಲು ಹೇಳಲಿ. ಅದು ಬಿಟ್ಟು ಮುಂದಿನ ವರ್ಷ ಅದು ಮಾಡಿ, ಮುಂದಿನ ವರ್ಷ ಇದು ಮಾಡಿ...

ಮುಂದಿನ ವರ್ಷ.

ಅಯ್ಯೋ ನನ್ನ ದಡ್ಡ ತಲೆಯೇ! ಇವರು ಎಲ್ಲಿ ಹೋದರು, ಮೊದಲು ಇವರಿಗೆ ಹೇಳಬೇಕು!