ಹುರುಳು ಕಂಡುಬಂದಿಲ್ಲ

ಮಾರ್ಚ್ ೧೪

ಪ್ರೀತಿಯ ಭೂತಗನ್ನಡಿಗೆ,

ಹೇಗಿದ್ದೀಯೇ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ಎಷ್ಟು ಬೇಕಾದರೂ ಬೈದುಕೋ, ಆದರೆ ಕೊನೆಯವರೆಗೂ ಓದು.

ನನ್ನ ಪಾಠ ಮುಗಿಯಿತು ಕಣೇ. 'ವಿಜ್ಞಾನ ಮತ್ತು ಹೆಣ್ಣು' ಕೋರ್ಸನ್ನು ಮುಂದಿನ ವರ್ಷದಿಂದ ತೆಗೆದುಹಾಕಿದ್ದಾರೆ. ಕೊನೆಯ ತರಗತಿಗೆ ಬಂದವರು ಮೂವರು. ಒಬ್ಬಳು ಬಸ್ಸಿಗೆ ಹೊತ್ತಾಯಿತೆಂದು ನಡುವೆಯೇ ಎದ್ದು ಹೋದಳು. ಮೂವತ್ತು ವರ್ಷ ಗಂಟಲು ಹರಿದುಕೊಂಡು ಹೇಳಿದ್ದು ಒಂದೇ ಮಾತು: ವರದಿಯಲ್ಲಿ 'ಗಮನಿಸಲಾಯಿತು' ಎಂದು ಬರೆಯಬೇಡಿ, ಗಮನಿಸಿದ್ದು ಯಾರು ಎಂದು ಹೇಳಿ. ಅದನ್ನು ಮುಚ್ಚಿಟ್ಟಾಗಲೆಲ್ಲ ಯಾವಳೋ ಒಬ್ಬಳ ಕೆಲಸ ಇನ್ನಾರದೋ ಪಾಲಾಗಿರುತ್ತದೆ. ಉಳಿದಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಅಂದಳು, "ಮೇಡಂ, 'ನಾನು ನೋಡಿದೆ' ಅಂತ ಬರೆದ್ರೆ ಗೈಡ್ ಕೆಂಪು ಇಂಕಲ್ಲಿ ಹೊಡೆದು ಹಾಕ್ತಾರೆ. ನೀವೇನೋ ಹೇಳಿ ಹೋಗ್ತೀರಿ, ನಮ್ಮ ಗತಿ?" ನಾನು ಹಲಗೆ ಒರೆಸಿ ಹೊರಗೆ ಬಂದೆ.

ಈಗ ಕಾಲೇಜಿನ ನನ್ನ ಕೋಣೆ ಖಾಲಿ ಮಾಡುತ್ತಿದ್ದೇನೆ. ನನ್ನ ಪುಸ್ತಕದ ಐವತ್ತು ಪ್ರತಿಗಳು ಕಟ್ಟು ಬಿಚ್ಚದೆ ಬಿದ್ದಿವೆ. ಲೈಬ್ರರಿಯವರಿಗೆ ಕೊಡಲು ಹೋದರೆ, "ನಮ್ಮಲ್ಲಿ ಆಗ್ಲೇ ಎರಡಿವೆ ಮೇಡಂ, ಅವನ್ನೇ ಯಾರೂ ಮುಟ್ಟಿಲ್ಲ" ಎಂದರು. ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ. ಅಲ್ಲಿ ನಕ್ಕು, ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಏನೂ ಬದಲಾಗಲಿಲ್ಲ. ಇನ್ನು ಬದಲಾಗುವುದೂ ಇಲ್ಲ.

ನಿನ್ನ ಕಾಗದದ ಜೊತೆ ಮಗಳೂ ಒಂದು ಚೀಟಿ ಇಟ್ಟಿದ್ದಾಳೆ. "ಆಂಟಿ, ಅಮ್ಮ ಕಂಡುಹಿಡಿದದ್ದನ್ನ ಲ್ಯಾಬಿನ ಮುಖ್ಯಸ್ಥರು ತಮ್ಮ ಹೆಸರಿಗೆ ಹಾಕ್ಕೊಂಡಾಗ, ವಿಚಾರಣಾ ಸಮಿತಿಯಲ್ಲಿ ಅಮ್ಮನ ಪರ ನಿಂತವರು ನೀವೊಬ್ಬರೇ ಅಂತೆ. ಕಾಲೇಜು ಬೇಡ, ನಿಮ್ಮ ಮನೆಗೇ ಬಂದು ಕಲೀತೀನಿ." ಆ ಚೀಟಿಯನ್ನು ಎಷ್ಟು ಸಲ ಓದಿದೆನೋ. ಆ ವಿಚಾರಣೆ ಮುಗಿದ ವಾರವೇ ನೀನು ಲ್ಯಾಬ್ ಬಿಟ್ಟು ಶಾಲೆಗೆ ಸೇರಿದೆ, ಮತ್ತೆ ಸೂಕ್ಷ್ಮದರ್ಶಕ ಮುಟ್ಟಲಿಲ್ಲ.

ಕೂಸಿಗೆ ನನ್ನ ಆಶೀರ್ವಾದ. ಅವಳು ನೋಡಿದ್ದು ಅವಳ ಹೆಸರಲ್ಲೇ ಉಳಿಯಲಿ. ನಿನ್ನ ಮೊಣಕಾಲು ಜೋಪಾನ, ಮೆಟ್ಟಿಲು ಹತ್ತಿ ಶೂರತನ ತೋರಿಸಬೇಡ.

ಇಂತಿ ನಿನ್ನ,
ಬಾಯಿಬಡುಕಿ

ತಾ.ಕ.: ಸಮಿತಿಯಲ್ಲಿ ನಾನು ನಿನ್ನ ಪರ ಒಂದು ಮಾತೂ ಆಡಲಿಲ್ಲ. ಅಧ್ಯಕ್ಷರು, "ನಿಮ್ಮ ಹೊಸ ಕೋರ್ಸಿನ ಫೈಲು ಸಹಿಗಾಗಿ ನನ್ನ ಮೇಜಿನ ಮೇಲೇ ಇದೆ. ನಿಮ್ಮ ಭಾಷೆ ಚೆನ್ನಾಗಿದೆ, ವರದಿ ನೀವೇ ಬರೆದುಬಿಡಿ" ಅಂದರು. 'ದೂರಿನಲ್ಲಿ ಹುರುಳು ಕಂಡುಬಂದಿಲ್ಲ' ಎಂದು ಬರೆದವಳು ನಾನು. ನಿನ್ನ ನೋಟ್‌ಬುಕ್ಕನ್ನು ಪೂರ್ತಿ ಓದಿದ್ದೆ, ಕಂಡುಹಿಡಿದವಳು ನೀನೇ ಎಂದು ಗೊತ್ತಿತ್ತು. ಹೊರಗೆ ಬಂದು, ನಾನೊಬ್ಬಳೇ ವಿರೋಧಿಸಿದೆ ಎಂದು ನಿನಗೆ ಸುಳ್ಳು ಹೇಳಿದೆ. ಮಗಳನ್ನು ನನ್ನ ಹತ್ತಿರ ಕಳಿಸುವ ಮುಂಚೆ ಈ ಕಾಗದವನ್ನು ಅವಳ ಕೈಗೆ ಕೊಡು.