ದಂತದೊಡೆಯ

ದಾಂದೆ, ಜಾಂಬೆಜಿ ಕಣಿವೆ
ಆಗಸ್ಟ್ ೧೪

ಕೋತಿಕುಲದ ಹಿರಿಯರೂ ನಮ್ಮ ವನ್ಯಜೀವಿ ಸಮಿತಿಯ ಅಧ್ಯಕ್ಷರೂ ಆದ ಮುಕಾನ್ಯಾ ಅವರಿಗೆ ಚೆಂಜೆರಾಯಿ ಕೈತಟ್ಟಿ ಮಾಡುವ ವಂದನೆ.

ಮುಂದಿನ ತಿಂಗಳು ಆನೆಬೇಟೆಗೆ ಬರುವ ವಿದೇಶಿಯರಿಗೆ ಹೆಜ್ಜೆ ಹುಡುಕಿಕೊಡಲು ಬೇರೆ ಕುಲದವರನ್ನು ಕಳಿಸಿ. ಬೇಟೆ ನಿಲ್ಲಿಸಿ ಎನ್ನುತ್ತಿಲ್ಲ. ಅವರು ಕಟ್ಟುವ ಬೇಟೆಶುಲ್ಕದಿಂದಲೇ ಆಸ್ಪತ್ರೆಗೆ ಛಾವಣಿ ಬಂತು. ನನ್ನ ಮೊಮ್ಮಗಳು ಹುಟ್ಟಿದ್ದು ಅದರಡಿಯಲ್ಲೇ. ಅವರು ಬಾರದಿದ್ದರೆ ಈ ಕಾಡೆಲ್ಲ ಹತ್ತಿಹೊಲವಾಗುತ್ತಿತ್ತು ಎಂಬುದೂ ಗೊತ್ತು. ಕಾಲಿಗೇನೂ ಆಗಿಲ್ಲ, ಇನ್ನೂ ನಡೆಯಬಲ್ಲೆ. ಆದರೂ ಸಾಕಾಗಿದೆ.

ಹತ್ತೊಂಬತ್ತು ವರ್ಷದ ಹಿಂದೆ ಈ ಕೆಲಸ ಕೊಡುವಾಗ ನೀವು ನಕ್ಕಿದ್ದಿರಿ: "ಆನೆಕುಲದೋನಿಗಲ್ದೆ ಆನೆ ಹೆಜ್ಜೆ ಇನ್ಯಾರಿಗಯ್ಯಾ ಗೊತ್ತಾಗುತ್ತೆ?" ನಾನೂ ನಕ್ಕಿದ್ದೆ. ಅಂದಿನಿಂದ ಆನೆ ತೋರಿಸುತ್ತೇನೆ, ಕೊಯ್ಯುವಾಗ ಮರದಾಚೆ ಕೂರುತ್ತೇನೆ. ಕುಲದ ಪ್ರಾಣಿಯ ಮಾಂಸ ನಾವು ತಿನ್ನುವಂತಿಲ್ಲವಲ್ಲ, ನನ್ನ ಪಾಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ.

ಮೊನ್ನೆ ಮುಚನೇತಾಗೆ ಕೊಟ್ಟೆ. ಹೋದ ವರ್ಷ ಮೆಕ್ಕೆಜೋಳದ ಹೊಲದಲ್ಲಿ ಅವಳ ಗಂಡನನ್ನು ತುಳಿದು ಕೊಂದದ್ದೂ ಆನೆಯೇ. ಅವಳು ಬೋಗುಣಿ ಕೆಳಗಿಟ್ಟು, ಮಂಡಿಯೂರಿ ಕೈತಟ್ಟಿ, ನಮ್ಮ ಪದ್ಧತಿಯಂತೆ ಕುಲದ ಹೆಸರು, ಬಿರುದು ಹಿಡಿದೇ ಕೃತಜ್ಞತೆ ಹೇಳಿದಳು: "ದೊಡ್ಡ ಉಪಕಾರ ಆಯ್ತು, ಆನೆಯಪ್ಪಾ. ಮಕ್ಕಳ ಹೊಟ್ಟೆ ತುಂಬಿಸಿದ್ರಿ, ದಂತದೊಡೆಯಾ."

ಅವಳ ಕಣ್ಣು ಬೋಗುಣಿಯ ಮೇಲಿತ್ತು. "ಇರ್ಲಿ ಬಿಡವ್ವ" ಎಂದವನು ನಾನು. ಯಾರ ಪರವಾಗಿ ಹಾಗೆಂದೆನೋ ತಿಳಿಯದು.

ಹೊಲದಂಚಿನಲ್ಲಿ ಮೆಣಸಿನಕಾಯಿ ಹೊಗೆ ಹಾಕಿ ಆನೆ ಅಟ್ಟುವ ಕೆಲಸವಿದ್ದರೆ ನನಗೆ ಕೊಡಿ. ಉತ್ತರ ಬರೆಯುವಾಗ ದಯವಿಟ್ಟು ಕುಲದ ಹೆಸರು ಹಿಡಿದು ಕರೆಯಬೇಡಿ. ಕೆಳಗಿರುವ ಹೆಸರಷ್ಟೇ ಸಾಕು.

ಚೆಂಜೆರಾಯಿ